ರೇಡಾರ್‌ಗೆ ಕಾಣದ ವಿಮಾನ ಅಂತ ಒಂದು ಇದೆಯಾ?

ಓದುಗರ ಪ್ರಶ್ನೆ: ನಾವು ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರು. ಹೋದ ತಿಂಗಳು ಕಣದಲ್ಲಿ ಕಾಫಿ ಕಾಯಲು ಮಲಗಿದ್ದೆ. ರಾತ್ರಿ ಒಂದೂವರೆ ಸುಮಾರಿಗೆ ತಲೆ ಮೇಲೆ ಜೋರಾಗಿ ವಿಮಾನದ ಸದ್ದು ಬಂತು. ದೀಪ ಕಾಣಲಿಲ್ಲ. ವಿಮಾನಗಳನ್ನು ತೋರಿಸುವ ಆ್ಯಪ್ ತೆಗೆದು ನೋಡಿದೆ, ಅಲ್ಲೂ ಏನೂ ಇಲ್ಲ. ಬೆಳಿಗ್ಗೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದೆ. ಒಬ್ಬರು "ಅದು ಸ್ಟೆಲ್ತ್, ಯಾವ ರೇಡಾರ್‌ಗೂ ಸಿಗಲ್ಲ" ಎಂದರು. ಇನ್ನೊಬ್ಬರು "ಅದೆಲ್ಲ ವ್ಯಾಪಾರ, ಸರ್ಬಿಯಾದವರು ಓಬಿರಾಯನ ಕಾಲದ ರೇಡಾರ್ ಇಟ್ಟುಕೊಂಡು ಹೊಡೆದು ಹಾಕಿದರಲ್ಲ" ಎಂದರು. ಮತ್ತೊಬ್ಬರು "ಮಳೆ ಬಿದ್ದರೆ ಅದರ ಬಣ್ಣ ಹೋಗುತ್ತೆ, ತಿರುವನಂತಪುರದಲ್ಲಿ ಬ್ರಿಟನ್ ವಿಮಾನ ಕೆಟ್ಟು ನಿಂತದ್ದು ಅದಕ್ಕೇ" ಎಂದರು. ನನ್ನ ಚಿಂತೆ ಬೇರೆ. ಮಗಳು ಎರಡನೇ ಪಿಯು ಸೈನ್ಸ್ ಓದುತ್ತಿದ್ದಾಳೆ. ಏರೋನಾಟಿಕಲ್ ಓದಿ ನಮ್ಮ ದೇಶದ ಎಎಂಸಿಎ ಎಂಬ ಸ್ಟೆಲ್ತ್ ಯುದ್ಧವಿಮಾನ ಕಟ್ಟುವ ಕಡೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳು ಓದಿ ಮುಗಿಸುವಷ್ಟರಲ್ಲಿ ಈ ವಿದ್ಯೆಯೇ ಹಳತಾಗಿ ಹೋದರೆ? 15,000 ಕೋಟಿ ಹಾಕಿ ನಾವೇ ಕಟ್ಟುವ ಬದಲು ಕೊಂಡರೆ ಆಗುವುದಿಲ್ಲವೇ? (ಮಗಳದ್ದೂ ಒಂದು ಪ್ರಶ್ನೆ ಇದೆ: ಈ ವಿಮಾನಗಳ ಬಾಲದ ರೆಕ್ಕೆಗಳು ಯಾಕೆ ಓರೆಯಾಗಿರುತ್ತವೆ?)

ಉತ್ತರ:

ಮೊದಲು ರಾತ್ರಿಯ ಸದ್ದಿನ ವಿಷಯ ಮುಗಿಸಿಬಿಡುತ್ತೇನೆ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆ ಆ್ಯಪ್‌ಗಳು ಆಕಾಶವನ್ನು ನೋಡುವುದಿಲ್ಲ. ವಿಮಾನಗಳೇ "ನಾನು ಇಲ್ಲಿದ್ದೇನೆ" ಎಂದು ರೇಡಿಯೋದಲ್ಲಿ ಹೇಳಿಕೊಳ್ಳುವುದನ್ನು ಹಿಡಿದು ನಕ್ಷೆಯ ಮೇಲೆ ತೋರಿಸುತ್ತವೆ, ಅಷ್ಟೆ. ಸೇನೆಯ ವಿಮಾನಗಳು ಬಹಳ ಸಲ ಹಾಗೆ ಹೇಳಿಕೊಳ್ಳುವುದಿಲ್ಲ. ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ ತೇಜಸ್ ವಿಮಾನಗಳಿವೆ. ನೇರ ಗೆರೆ ಎಳೆದರೆ ಅದು ನಿಮ್ಮ ಕಣದಿಂದ ಸುಮಾರು 180 ಕಿ.ಮೀ. ಅಂದರೆ ಹತ್ತು ಹನ್ನೆರಡು ನಿಮಿಷದ ದಾರಿ. ಕೊಚ್ಚಿಯಲ್ಲಿ ನೌಕಾಪಡೆಯ ನೆಲೆ ಇದೆ. ಮಧ್ಯೆ ಒಂದು ಪದರ ಮಂಜು ಇದ್ದರೂ ದೀಪ ಕಾಣುವುದಿಲ್ಲ. ಸದ್ದು ಮಾತ್ರ ಬೆಟ್ಟಕ್ಕೆ ಬಡಿದು ಜೋರಾಗಿ ಕೇಳುತ್ತದೆ. ಇನ್ನೊಂದು ಮಾತು. ಸ್ಟೆಲ್ತ್ ಯುದ್ಧವಿಮಾನ ಸದ್ದಿಲ್ಲದ ವಿಮಾನ ಅಲ್ಲ. ಅಮೆರಿಕದ ಸ್ಟೆಲ್ತ್ ವಿಮಾನ ಎಫ್-35 ಮೇಲೇಳುವಾಗ ಪಕ್ಕದಲ್ಲಿ ನಿಂತವರ ಎದೆ ನಡುಗುತ್ತದೆ. ಮರೆಮಾಚುವುದು ಮುಖ್ಯವಾಗಿ ರೇಡಾರ್‌ಗೆ, ಕಿವಿಗಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ. ನಾನು ವಾಯುಪಡೆಯಲ್ಲಿ 22 ವರ್ಷ ರೇಡಾರ್ ವಿಭಾಗದಲ್ಲಿ ಇದ್ದವನು. ವಿಮಾನ ಹಾರಿಸಿದವನಲ್ಲ, ಅದನ್ನು ಹುಡುಕುತ್ತಾ ಕೂತವನು. ಹಾಗಾಗಿ ಅಡಗುವವರ ಕಷ್ಟಕ್ಕಿಂತ ಹುಡುಕುವವರ ಕಷ್ಟ ನನಗೆ ಚೆನ್ನಾಗಿ ಗೊತ್ತು.

ನಿಮ್ಮ ತೋಟಕ್ಕೆ ಆನೆ ಬರುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಮೂರು ನಾಲ್ಕು ಟನ್ನಿನ ಪ್ರಾಣಿ. ರೊಬಸ್ಟಾ ಗಿಡಗಳ ನಡುವೆ ಅಲುಗಾಡದೆ ನಿಂತರೆ ಹದಿನೈದು ಹೆಜ್ಜೆ ದೂರದಲ್ಲಿ ಹೋಗುವ ಕೆಲಸದವರಿಗೆ ಕಾಣುವುದಿಲ್ಲ. ಕಂಡಾಗ ತಡವಾಗಿರುತ್ತದೆ. ಆನೆ ಮಾಯವಾಗಿತ್ತು ಅಂತ ಯಾರೂ ಹೇಳುವುದಿಲ್ಲ. ಬಯಲಿನ ಗದ್ದೆಯಲ್ಲಾದರೆ ಅರ್ಧ ಕಿಲೋಮೀಟರ್‌ನಿಂದಲೇ ಕಾಣುತ್ತಿತ್ತು, ತೋಟದಲ್ಲಿ ಹತ್ತಿರ ಬಂದ ಮೇಲೆ ಕಂಡಿತು. ಸ್ಟೆಲ್ತ್ ಮಾಡುವ ಕೆಲಸವೂ ಇಷ್ಟೇ. ಯಾವ ದೂರದಲ್ಲಿ ಕಾಣಬೇಕಿತ್ತೋ ಅದಕ್ಕಿಂತ ತುಂಬಾ ಹತ್ತಿರಕ್ಕೆ ಬರುವ ತನಕ ಕಾಣದಂತೆ ಮಾಡುವುದು.

ಎಷ್ಟು ಹತ್ತಿರ ಎಂದು ಲೆಕ್ಕ ಹಾಕಬಹುದು, ಮಗಳಿಗೆ ಇದು ಇಷ್ಟವಾಗಬಹುದು. ರೇಡಾರ್ ಅಲೆ ಹೋಗುವಾಗಲೂ ಹರಡಿ ತೆಳುವಾಗುತ್ತದೆ, ಬಡಿದು ವಾಪಸ್ ಬರುವಾಗಲೂ ಹರಡಿ ತೆಳುವಾಗುತ್ತದೆ. ಹೀಗೆ ಎರಡು ಸಲ ಏಟು ಬೀಳುವುದರಿಂದ ದೂರದ ನಾಲ್ಕನೇ ಘಾತದ ಲೆಕ್ಕ ಬರುತ್ತದೆ. ಅಂದರೆ ವಿಮಾನದಿಂದ ವಾಪಸ್ ಬರುವ ಪ್ರತಿಧ್ವನಿಯನ್ನು ಹದಿನಾರು ಪಟ್ಟು ಕಡಿಮೆ ಮಾಡಿದರೂ ಅದು ಕಾಣುವ ದೂರ ಅರ್ಧ ಮಾತ್ರ ಆಗುತ್ತದೆ. ಹತ್ತು ಸಾವಿರ ಪಟ್ಟು ಕಡಿಮೆ ಮಾಡಿದರೆ ದೂರ ಹತ್ತನೇ ಒಂದಕ್ಕೆ ಇಳಿಯುತ್ತದೆ. 400 ಕಿ.ಮೀ.ಗೆ ಕಾಣಬೇಕಾದದ್ದು 40 ಕಿ.ಮೀ.ಗೆ ಕಾಣುತ್ತದೆ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಬರುವ ವಿಮಾನ ನಿಮಿಷಕ್ಕೆ 15 ಕಿ.ಮೀ. ಹೋಗುತ್ತದೆ. ಮೊದಲನೆಯದಕ್ಕೆ ನನ್ನ ಕೈಯಲ್ಲಿ 26 ನಿಮಿಷ ಇರುತ್ತಿತ್ತು. ಎರಡನೆಯದಕ್ಕೆ ಮೂರು ನಿಮಿಷವೂ ಇಲ್ಲ. ಆ ಮೂರು ನಿಮಿಷದಲ್ಲಿ ಕಂಡದ್ದು ಹಕ್ಕಿಯೋ ವಿಮಾನವೋ ಎಂದು ತೀರ್ಮಾನಿಸಬೇಕು, ಮೇಲಿನವರಿಗೆ ಹೇಳಬೇಕು, ಕ್ಷಿಪಣಿಯವರನ್ನು ಎಬ್ಬಿಸಬೇಕು, ಅವರು ಗುರಿ ಹಿಡಿಯಬೇಕು. ಪರದೆಯ ಮುಂದೆ ಕೂತವನಿಗೆ ಈ ವ್ಯತ್ಯಾಸ ಏನೆಂದು ಗೊತ್ತು.

ಮಗಳ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ಅದು.

ರಾತ್ರಿ ಸಂಪಾಜೆ ಘಾಟಿ ಹತ್ತುವಾಗ ರಸ್ತೆ ಬದಿಯ ರಿಫ್ಲೆಕ್ಟರ್‌ಗಳು ಫಳಫಳ ಹೊಳೆಯುತ್ತವೆ. ಅದರೊಳಗೆ ಬಲ್ಬ್ ಇಲ್ಲ. ಲಂಬ ಕೋನದಲ್ಲಿ ಒಂದಕ್ಕೊಂದು ತಾಗಿದ ಪುಟ್ಟ ಪುಟ್ಟ ಮುಖಗಳಿರುತ್ತವೆ. ಬೆಳಕು ಒಂದಕ್ಕೆ ಬಡಿದು ಇನ್ನೊಂದಕ್ಕೆ ಹೋಗಿ, ಕೊನೆಗೆ ಬಂದ ದಾರಿಯಲ್ಲೇ ನಿಮ್ಮ ಜೀಪಿನ ಕಡೆಗೆ ವಾಪಸ್ ಬರುತ್ತದೆ. ನಮ್ಮ ಹಳೆಯ ಮಿಗ್-21 ಗೊತ್ತಲ್ಲ, 2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ ಬೀಳ್ಕೊಟ್ಟ ವಿಮಾನ. ಅದರ ಬಾಲ ನೆಟ್ಟಗೆ ಮೇಲಕ್ಕೆ ನಿಂತಿರುತ್ತದೆ, ಅದರ ಬುಡದಲ್ಲಿ ಚಿಕ್ಕ ರೆಕ್ಕೆಗಳು ಅಡ್ಡಕ್ಕೆ ಚಾಚಿರುತ್ತವೆ. ಎರಡೂ ಸೇರಿ ಲಂಬ ಕೋನ. ರೇಡಾರ್‌ಗೆ ಅದು ಘಾಟಿಯ ರಿಫ್ಲೆಕ್ಟರ್ ಇದ್ದಂತೆ. ಬಾಲವನ್ನು ಓರೆ ಮಾಡಿದರೆ ಆ ಕೋನ ಮುರಿಯುತ್ತದೆ, ಅಲೆ ಬೇರೆ ಎಲ್ಲೋ ಹೋಗುತ್ತದೆ. ಮನೆಯಲ್ಲೇ ನೋಡಬಹುದು. ಎರಡು ಕನ್ನಡಿಗಳನ್ನು ಮೇಜಿನ ಮೇಲೆ ಲಂಬ ಕೋನದಲ್ಲಿ ನಿಲ್ಲಿಸಿ, ಕತ್ತಲೆಯಲ್ಲಿ ಕಣ್ಣಿನ ಪಕ್ಕ ಟಾರ್ಚ್ ಹಿಡಿದು ಬೇರೆ ಬೇರೆ ಕಡೆಯಿಂದ ಬಿಡಲಿ. ಬೆಳಕು ಪ್ರತಿ ಸಲ ಮುಖಕ್ಕೇ ಬರುತ್ತದೆ. ಒಂದು ಕನ್ನಡಿಯನ್ನು ಸ್ವಲ್ಪ ವಾಲಿಸಿದರೆ ಸಾಕು, ಗೋಡೆ ಕಡೆ ಹೋಗುತ್ತದೆ.

ಇದನ್ನೇ ಇಡೀ ವಿಮಾನಕ್ಕೆ ಮಾಡಬೇಕು. ಎಂಜಿನ್ನಿನ ಬಾಯಿಯನ್ನು ಸೊಟ್ಟ ಮಾಡಿ ಒಳಗಿನ ತಿರುಗುವ ಬ್ಲೇಡ್‌ಗಳನ್ನು ಮರೆ ಮಾಡಬೇಕು. ಬಾಂಬನ್ನು ರೆಕ್ಕೆಯ ಕೆಳಗೆ ನೇತುಹಾಕದೆ ಹೊಟ್ಟೆಯೊಳಗೆ ಇಡಬೇಕು. ಪ್ರತಿ ಮುಚ್ಚಳದ ಅಂಚೂ ರೆಕ್ಕೆಯ ಅಂಚಿನ ದಿಕ್ಕಿಗೇ ಇರಬೇಕು. ಇಷ್ಟೆಲ್ಲ ಆದ ಮೇಲೆ ಉಳಿದದ್ದಕ್ಕೆ ರೇಡಾರ್ ಅಲೆ ಹೀರುವ ಲೇಪನ. ಹೆಚ್ಚಿನ ಕೆಲಸ ಆಕಾರದ್ದು, ಬಣ್ಣದ್ದಲ್ಲ. ಬಣ್ಣ ಬಳಿದು ಹಳೆ ವಿಮಾನವನ್ನು ಸ್ಟೆಲ್ತ್ ಮಾಡಬಹುದು ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ.

ಇದರ ಹುಟ್ಟಿನ ಕತೆ ವಿಚಿತ್ರವಾಗಿದೆ. 1962ರಲ್ಲಿ ಮಾಸ್ಕೋದಲ್ಲಿ ಪ್ಯೋತ್ರ್ ಉಫಿಮ್‌ತ್ಸೆವ್ ಎಂಬ ವಿಜ್ಞಾನಿ, ಅಲೆಗಳು ವಸ್ತುವಿನ ಅಂಚಿಗೆ ಬಡಿದು ಹೇಗೆ ಚದುರುತ್ತವೆ ಎಂಬ ಲೆಕ್ಕವನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರ ಸರ್ಕಾರಕ್ಕೆ ಅದರಲ್ಲಿ ಸೇನೆಗೆ ಬೇಕಾದದ್ದು ಏನೂ ಕಾಣಲಿಲ್ಲ, ಗುಟ್ಟಾಗಿ ಇಡಲಿಲ್ಲ. ಅಮೆರಿಕ ವಾಯುಪಡೆ ಅದನ್ನು ಇಂಗ್ಲಿಷಿಗೆ ತಂದಿತು. ಲಾಕ್‌ಹೀಡ್ ಕಂಪನಿಯ ಡೆನಿಸ್ ಓವರ್‌ಹೋಲ್ಸರ್ ಅದನ್ನು ಓದಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆದರು. ಆ ಕಾಲದ ಕಂಪ್ಯೂಟರಿಗೆ ಬಾಗಿದ ಮೈಯ ಲೆಕ್ಕ ಹಾಕುವ ಶಕ್ತಿ ಇರಲಿಲ್ಲ, ಚಪ್ಪಟೆ ಹಲಗೆಗಳ ಲೆಕ್ಕ ಮಾತ್ರ ಆಗುತ್ತಿತ್ತು. ಅದಕ್ಕೇ ಮೊದಲ ಸ್ಟೆಲ್ತ್ ವಿಮಾನ ಎಫ್-117 ಕತ್ತರಿಸಿದ ವಜ್ರದ ಹಾಗೆ ಮೂಲೆಮೂಲೆಯಾಗಿದೆ. ಅದಕ್ಕೂ ಮೊದಲಿನ ಪ್ರಯೋಗದ ವಿಮಾನ 1977ರ ಡಿಸೆಂಬರ್‌ನಲ್ಲಿ ಹಾರಿತು. ಅಂಥ ಎರಡು ಕಟ್ಟಿದ್ದರು, ಎರಡೂ ಬಿದ್ದು ಹೋದವು. ಎಫ್-117 ಹಾರಿದ್ದು 1981ರ ಜೂನ್‌ನಲ್ಲಿ. ಅಂಥದ್ದೊಂದು ಇದೆ ಎಂದು ಅಮೆರಿಕ ಒಪ್ಪಿಕೊಂಡದ್ದು 1988ರ ನವೆಂಬರ್‌ನಲ್ಲಿ. ಅಷ್ಟು ವರ್ಷ ಪೈಲಟ್‌ಗಳು ಮರುಭೂಮಿಯ ನೆಲೆಯೊಂದರಿಂದ ರಾತ್ರಿ ಹೊತ್ತು ಮಾತ್ರ ಹಾರಿಸುತ್ತಿದ್ದರು.

ಆ ಪ್ರಯೋಗದ ದಿನಗಳ ಒಂದು ಘಟನೆಯನ್ನು ನಾನು ಹೊಸ ಹುಡುಗರಿಗೆಲ್ಲ ಹೇಳುತ್ತಿದ್ದೆ. ಒಂದು ದಿನ ಪ್ರಯೋಗದ ವಿಮಾನ ಇದ್ದಕ್ಕಿದ್ದಂತೆ ರೇಡಾರ್‌ನಲ್ಲಿ ದೂರದಿಂದಲೇ ಸ್ಪಷ್ಟವಾಗಿ ಕಾಣತೊಡಗಿತು. ಇಳಿಸಿ ಹುಡುಕಿದರೆ ಮೂರು ಸ್ಕ್ರೂಗಳು ಪೂರ್ತಿ ಬಿಗಿಯಾಗಿರಲಿಲ್ಲ. ತಲೆ ಒಂದಿಷ್ಟು ಮೇಲೆದ್ದಿತ್ತು, ಕೆಲವು ಮಿಲಿಮೀಟರ್ ಅಷ್ಟೆ. ಮೂರು ಸ್ಕ್ರೂ! ಅಷ್ಟು ದೊಡ್ಡ ಲೆಕ್ಕಾಚಾರವೆಲ್ಲ ಸ್ಪ್ಯಾನರ್ ಹಿಡಿದ ಕೈಯ ಮೇಲೆ ನಿಂತಿದೆ.

1991ರ ಜನವರಿ 17ರ ರಾತ್ರಿ ಬಾಗ್ದಾದ್ ಮೇಲೆ ದಾಳಿ ನಡೆದದ್ದನ್ನು ನಮ್ಮ ವಯಸ್ಸಿನವರು ಟಿವಿಯಲ್ಲಿ ನೋಡಿದ್ದೇವೆ. ಕೆಳಗಿನಿಂದ ಗುಂಡಿನ ಮಳೆ ಆಕಾಶಕ್ಕೆ ಹೋಗುತ್ತಿತ್ತು, ಎಲ್ಲಿಗೆ ಹೊಡೆಯುತ್ತಿದ್ದೇವೆ ಎಂದು ಹೊಡೆಯುವವರಿಗೇ ಗೊತ್ತಿರಲಿಲ್ಲ. ಆ ಯುದ್ಧದಲ್ಲಿ ಎಫ್-117ಗಳು ಸುಮಾರು 1,300 ಸಲ ಹಾರಿದವು. ಒಂದೂ ಬೀಳಲಿಲ್ಲ. "ಯಾವ ರೇಡಾರ್‌ಗೂ ಸಿಗಲ್ಲ" ಎಂಬ ಮಾತು ಜನರ ಬಾಯಿಗೆ ಬಂದದ್ದು ಆಗಲೇ. ಆದರೆ ಆ ವಿಮಾನ ಏನೇನು ಬಿಟ್ಟುಕೊಟ್ಟಿತ್ತು ಎಂದು ಟಿವಿಯವರು ಹೇಳಲಿಲ್ಲ. ಅದರಲ್ಲಿ ರೇಡಾರ್ ಇರಲಿಲ್ಲ, ಗನ್ ಇರಲಿಲ್ಲ, ಶಬ್ದದ ವೇಗ ದಾಟುತ್ತಿರಲಿಲ್ಲ, ಹೊಟ್ಟೆಯಲ್ಲಿ ಎರಡೇ ಬಾಂಬು.

ಈಗ ಸರ್ಬಿಯಾ. ನಿಮ್ಮ ಗುಂಪಿನವರು ಹೇಳಿದ್ದು ನಿಜ. ಅಮೆರಿಕ ಮತ್ತು ಅದರ ನ್ಯಾಟೊ ಮಿತ್ರರು ಸರ್ಬಿಯಾ ಮೇಲೆ ಬಾಂಬು ಹಾಕುತ್ತಿದ್ದಾಗ, 1999ರ ಮಾರ್ಚ್ 27ರ ರಾತ್ರಿ, ರಾಜಧಾನಿ ಬೆಲ್‌ಗ್ರೇಡ್‌ನ ಪಶ್ಚಿಮಕ್ಕಿರುವ ಬುದ್ಯಾನೋವ್ಚಿ ಎಂಬ ಹಳ್ಳಿಯ ಹತ್ತಿರ ಒಂದು ಎಫ್-117 ಬಿತ್ತು. ಹೊಡೆದದ್ದು 1960ರ ದಶಕದಿಂದ ಬಳಕೆಯಲ್ಲಿದ್ದ ಎಸ್-125 ಕ್ಷಿಪಣಿ. ಪೈಲಟ್ ಡೇಲ್ ಝೆಲ್ಕೊ ಪ್ಯಾರಾಚೂಟ್‌ನಲ್ಲಿ ಇಳಿದರು, ಕೆಲವೇ ಗಂಟೆಗಳಲ್ಲಿ ಅವರ ಕಡೆಯವರು ಬಂದು ಕರೆದುಕೊಂಡು ಹೋದರು. ಕ್ಷಿಪಣಿ ದಳದ ಮುಖ್ಯಸ್ಥ ಝೋಲ್ತಾನ್ ದಾನಿ.

ಈ ದಾನಿಯವರ ಬಗ್ಗೆ ನನಗೆ ತುಂಬಾ ಗೌರವ ಇದೆ. ನನ್ನ ವೃತ್ತಿಯವರು. ಅವರು ಏನು ಮಾಡಿದರು ಎಂದು ನೋಡಿದರೆ ರೇಡಾರ್ ಹಳತೋ ಹೊಸತೋ ಎನ್ನುವುದು ಹಿಂದೆ ಸರಿಯುತ್ತದೆ. ರೇಡಾರ್ ಹಚ್ಚಿಟ್ಟರೆ ಅದರ ಅಲೆಯನ್ನೇ ಹಿಡಿದು ಬಂದು ಬಡಿಯುವ ಕ್ಷಿಪಣಿಗಳು ಎದುರಾಳಿಯ ಹತ್ತಿರ ಇದ್ದವು. ಹಾಗಾಗಿ ಗುರಿ ಹಿಡಿಯುವ ರೇಡಾರನ್ನು ಕೆಲವು ಸೆಕೆಂಡುಗಳ ಕಾಲ ಮಾತ್ರ ಹಚ್ಚುತ್ತಿದ್ದರು. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಆರಿಸಿ, ಇಡೀ ದಳವನ್ನು ಕಟ್ಟಿಕೊಂಡು ಬೇರೆ ಜಾಗಕ್ಕೆ. ಅದಕ್ಕಾಗಿ ತಮ್ಮ ಹುಡುಗರಿಂದ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ್ದರು. ಇನ್ನೊಂದು ಕಡೆ ಅಮೆರಿಕದವರು ನಾಲ್ಕು ರಾತ್ರಿಗಳಲ್ಲೇ ಒಂದು ಅಭ್ಯಾಸಕ್ಕೆ ಬಿದ್ದಿದ್ದರು. ವಿಮಾನಗಳು ಹೋದ ದಾರಿಯಲ್ಲೇ ಮತ್ತೆ ಬರುತ್ತಿದ್ದವು. ಆನೆ ಎಷ್ಟೇ ಸದ್ದಿಲ್ಲದೆ ನಡೆದರೂ ದಿನಾ ಅದೇ ಹಲಸಿನ ಮರದ ದಾರಿ ಹಿಡಿದರೆ ಕಾಯುವವನು ಎಲ್ಲಿ ಕೂರಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?

ಅಷ್ಟಾದರೂ ಅವರ ಗುರಿ ಹಿಡಿಯುವ ರೇಡಾರ್‌ಗೆ ಆ ವಿಮಾನ ಸಿಕ್ಕಿದ್ದು ಸುಮಾರು 13 ಕಿ.ಮೀ. ಹತ್ತಿರ ಬಂದ ಮೇಲೆ. ಅಂದರೆ ಸ್ಟೆಲ್ತ್ ತನ್ನ ಕೆಲಸ ಮಾಡಿತ್ತು, ಉಳಿದದ್ದನ್ನು ಮನುಷ್ಯರು ಕೆಡಿಸಿದರು. 78 ದಿನಗಳ ಆ ಯುದ್ಧದಲ್ಲಿ ಹೀಗೆ ಹೊಡೆದುರುಳಿಸಿದ ಸ್ಟೆಲ್ತ್ ವಿಮಾನ ಅದೊಂದೇ. ದಾನಿ ನಿವೃತ್ತಿಯ ನಂತರ ತಮ್ಮ ಊರಿನಲ್ಲಿ ಬೇಕರಿ ನಡೆಸಿದರು. ಎಷ್ಟೋ ವರ್ಷಗಳ ನಂತರ ಝೆಲ್ಕೊ ಅಲ್ಲಿಗೇ ಹೋಗಿ ಅವರನ್ನು ಭೇಟಿಯಾದರು, ಇಬ್ಬರೂ ಸ್ನೇಹಿತರಾದರು.

ಆ ರಾತ್ರಿ ಮೊದಲು ಸುಳಿವು ಕೊಟ್ಟದ್ದು ಪಿ-18 ಎಂಬ ಇನ್ನೊಂದು ರೇಡಾರ್. ಅದರ ಅಲೆಯ ಉದ್ದ ಎರಡು ಮೀಟರ್ ಹತ್ತಿರ. ಸ್ಟೆಲ್ತ್ ಆಕಾರವನ್ನು ಮುಖ್ಯವಾಗಿ ಕೆಲವು ಸೆಂಟಿಮೀಟರ್ ಉದ್ದದ ಅಲೆಗಳಿಗೆ ಹೊಂದಿಸಿ ಕಟ್ಟಿರುತ್ತಾರೆ, ಏಕೆಂದರೆ ಗುರಿ ಹಿಡಿಯುವ ರೇಡಾರ್‌ಗಳು ಬಳಸುವುದು ಅದನ್ನೇ. ಉದ್ದದ ಅಲೆಗೆ ಆ ಓರೆ ಕೋರೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ತೋಟದ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಸತ್ತರೂ ಮಡಿಕೇರಿ ಆಕಾಶವಾಣಿಯ 103.1 ಕೇಳುತ್ತದಲ್ಲ, ಅಲೆಯ ಉದ್ದ ಬದಲಾದರೆ ಅಡ್ಡ ಬಂದ ವಸ್ತುವಿನ ಜೊತೆ ಅದರ ನಡವಳಿಕೆ ಬದಲಾಗುತ್ತದೆ ಎಂಬುದಕ್ಕೆ ಅದು ಒಂದು ಉದಾಹರಣೆ. ಎಫ್‌ಎಂ ಅಲೆ ಮೂರು ಮೀಟರ್ ಇದೆ, ಬೆಟ್ಟದ ಅಂಚಿನಲ್ಲಿ ಬಾಗಿ ಇಳಿಯುತ್ತದೆ. ಮೊಬೈಲಿನ ಅಲೆ ಗೇಣುದ್ದಕ್ಕೆ ಸ್ವಲ್ಪ ಜಾಸ್ತಿ ಕಡಿಮೆ.

ಹಾಗಾದರೆ ಎಲ್ಲರೂ ಉದ್ದ ಅಲೆಯ ರೇಡಾರ್ ಇಟ್ಟುಕೊಂಡರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಉದ್ದ ಅಲೆಯ ರೇಡಾರ್ "ಆ ದಿಕ್ಕಿನಲ್ಲಿ ಏನೋ ಇದೆ" ಎನ್ನುತ್ತದೆ. ಎಲ್ಲಿ, ಎಷ್ಟು ಎತ್ತರದಲ್ಲಿ ಎಂದು ಕರಾರುವಾಕ್ಕಾಗಿ ಹೇಳುವುದು ಅದಕ್ಕೆ ಕಷ್ಟ. ನಾಯಿ ಬೊಗಳಿದರೆ ಆನೆ ಬಂದಿದೆ ಎಂದು ಗೊತ್ತಾಗುತ್ತದೆ, ಆದರೆ ಆ ಬೊಗಳುವಿಕೆ ಕೇಳಿ ಕೋವಿ ಗುರಿ ಇಡಲು ಆಗುವುದಿಲ್ಲ. ಇದರ ಜೊತೆಗೆ ಎಂಜಿನ್ನಿನ ಬಿಸಿಯನ್ನು ಹಿಡಿಯುವ ಕಣ್ಣುಗಳಿವೆ, ನಾಲ್ಕಾರು ರೇಡಾರ್‌ಗಳ ಮಾಹಿತಿಯನ್ನು ಒಂದೆಡೆ ಸೇರಿಸುವ ಜಾಲಗಳಿವೆ. ಇವೆಲ್ಲ ದಿನೇದಿನೇ ಚೆನ್ನಾಗಿ ಆಗುತ್ತಿವೆ. ಅಡಗುವುದು ಮೊದಲಿಗಿಂತ ಕಷ್ಟವಾಗುತ್ತಿದೆ ಎನ್ನುವುದು ನಿಜ.

ಆದರೆ "ಹಳೆಯದು ಹೊಸದನ್ನು ಹೊಡೆಯಿತು, ಆದ್ದರಿಂದ ಹೊಸದು ದಂಡ" ಎನ್ನುವುದನ್ನು ಕೊಡಗಿನವರಾದ ನಾವು ಹೇಳಬಾರದು. ಮಡಿಕೇರಿಯಲ್ಲಿ ಯಾರ ಹೆಸರಿನ ವೃತ್ತ ಇದೆ? ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟಿಯರ್ ವಿಮಾನದಲ್ಲಿದ್ದರು. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್, ಆ ಕಾಲದ ಹೊಚ್ಚ ಹೊಸತು. ಅದನ್ನು ಉರುಳಿಸಿ ತಾವೂ ಹುತಾತ್ಮರಾದರು. ಅವರಿಗೆ ಮಹಾವೀರ ಚಕ್ರ ಬಂದದ್ದು 23 ವರ್ಷಗಳ ನಂತರ, 1988ರಲ್ಲಿ. ಆ ಕಾದಾಟ ನೋಡಿ ವೇಗದ ವಿಮಾನ ಬೇಡ ಎಂದು ಯಾವ ದೇಶವೂ ನಿರ್ಧರಿಸಲಿಲ್ಲ. ದೇವಯ್ಯನವರ ಧೈರ್ಯ ಮತ್ತು ಕೈಚಳಕ ದೊಡ್ಡದು ಎಂದು ಅರ್ಥಮಾಡಿಕೊಂಡೆವು. ದಾನಿಯವರ ವಿಷಯದಲ್ಲೂ ಅಷ್ಟೇ.

ಮಳೆ ವಿಷಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಮೆರಿಕದ ಸ್ಟೆಲ್ತ್ ಬಾಂಬರ್ ಬಿ-2ರ ಲೇಪನಕ್ಕೆ ತೇವ, ಬಿಸಿಲು ಆಗುತ್ತಿರಲಿಲ್ಲ ಎಂದು 1997ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರೇ ವರದಿ ಕೊಟ್ಟಿದ್ದರು. ಹವಾಮಾನ ಹಿಡಿತದಲ್ಲಿರುವ ಶೆಡ್‌ಗಳು ಅದಕ್ಕೆ ಬೇಕು. 2008ರ ಫೆಬ್ರುವರಿಯಲ್ಲಿ ಗುವಾಮ್ ದ್ವೀಪದಲ್ಲಿ ಒಂದು ಬಿ-2 ಮೇಲೇಳುವಾಗಲೇ ಬಿದ್ದು ಸುಟ್ಟುಹೋಯಿತು. ಕಾರಣ ಬಣ್ಣ ಅಲ್ಲ, ಗಾಳಿಯ ಒತ್ತಡ ಅಳೆಯುವ ಸಾಧನಗಳಿಗೆ ಸೇರಿದ ತೇವ. ಕಂಪ್ಯೂಟರ್‌ಗಳಿಗೆ ತಪ್ಪು ವೇಗ ಸಿಕ್ಕಿ ಮೂತಿ ಜಾಸ್ತಿ ಎತ್ತಿಬಿಟ್ಟವು. ಇಬ್ಬರೂ ಪೈಲಟ್‌ಗಳು ಉಳಿದರು. ನಂತರದ ಎಫ್-35ರಲ್ಲಿ ಅಲೆ ಹೀರುವ ಪದರವನ್ನು ಮೈಯ ಜೊತೆಗೇ ಸೇರಿಸಿ ಮಾಡಿದ್ದಾರೆ, ಅದು ಗಟ್ಟಿ. ತಿರುವನಂತಪುರದಲ್ಲಿ 2025ರ ಜೂನ್ 14ರಂದು ಇಳಿದ ಬ್ರಿಟನ್ನಿನ ಎಫ್-35ಬಿ, ಜುಲೈ 22ರ ತನಕ ಅಲ್ಲೇ ಉಳಿಯಿತು. ಮೊದಲ ಮೂರು ವಾರ ಮುಂಗಾರಿನ ಮಳೆಯಲ್ಲೇ ನಿಂತಿತ್ತು, ಆಮೇಲೆ ಹ್ಯಾಂಗರ್‌ಗೆ ಎಳೆದರು. ಕೆಟ್ಟದ್ದು ಹೈಡ್ರಾಲಿಕ್ಸ್ ಎಂದು ವರದಿಯಾಯಿತು. ರಿಪೇರಿಯಾದ ಮೇಲೆ ಹಾರಿಕೊಂಡೇ ಹೋಯಿತು.

ಅದೇ ವಿಮಾನದ ಬಗ್ಗೆ "ನಮ್ಮ ರೇಡಾರ್ ಅದನ್ನು ಕಂಡುಹಿಡಿಯಿತು, ಸ್ಟೆಲ್ತ್ ಬಣ್ಣ ಬಯಲು" ಎಂಬ ಸಂದೇಶವೂ ಓಡಾಡಿತು. ನನಗೂ ಹತ್ತು ಜನ ಕಳಿಸಿದರು. ನಮ್ಮ ರೇಡಾರ್‌ಗಳ ಬಗ್ಗೆ ನನಗೆ ಹೆಮ್ಮೆ ಇದೆ, ಆದರೆ ಇದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಯುದ್ಧವಿಲ್ಲದ ದಿನಗಳಲ್ಲಿ ಈ ವಿಮಾನಗಳು ಮೈಗೆ ಚಿಕ್ಕ ರಿಫ್ಲೆಕ್ಟರ್ ಗುಬ್ಬಿಗಳನ್ನು ಸಿಕ್ಕಿಸಿಕೊಂಡು ಹಾರುವುದು ವಾಡಿಕೆ. ಬೇಕೆಂದೇ ಕಾಣಿಸಿಕೊಳ್ಳುತ್ತವೆ. ಒಂದು, ಬೇರೆ ವಿಮಾನಗಳಿಗೆ ಡಿಕ್ಕಿಯಾಗಬಾರದು. ಎರಡು, ರೇಡಾರ್‌ನಲ್ಲಿ ತನ್ನ ನಿಜವಾದ ಗುರುತು ಎಷ್ಟು ಚಿಕ್ಕದು ಎಂದು ಬೇರೆಯವರು ಅಳೆಯಬಾರದು. ಅಲ್ಲದೆ ತುರ್ತಾಗಿ ಇಳಿಯಲು ಅನುಮತಿ ಕೇಳಿಕೊಂಡು ಬಂದ ವಿಮಾನ ಅದು, ಅಡಗಿ ಬಂದದ್ದಲ್ಲ.

ಯುದ್ಧದಲ್ಲಿ ಈಗ ಸ್ಟೆಲ್ತ್ ಹೇಗೆ ಬಳಕೆಯಾಗುತ್ತಿದೆ ಎನ್ನುವುದಕ್ಕೆ 2025ರ ಜೂನ್ 22 ಸಾಕು. ಏಳು ಬಿ-2ಗಳು ಅಮೆರಿಕದ ಮಿಸೌರಿಯಿಂದ ಹೊರಟು ಇರಾನಿನ ಫೋರ್ದೊ ಮತ್ತು ನತಾಂಜ್ ಮೇಲೆ 14 ಭಾರಿ ಬಾಂಬು ಹಾಕಿ ವಾಪಸಾದವು. ಅವು ಒಂಟಿಯಾಗಿ ಹೋಗಲಿಲ್ಲ. ಅದಕ್ಕೂ ಒಂಬತ್ತು ದಿನ ಮೊದಲಿಂದ ಇಸ್ರೇಲ್ ಇರಾನಿನ ರೇಡಾರ್, ಕ್ಷಿಪಣಿಗಳನ್ನು ಹೊಡೆಯುತ್ತಾ ಬಂದಿತ್ತು. ಕಣ್ಣು ತಪ್ಪಿಸಲು ಬೇರೆ ಬಾಂಬರ್‌ಗಳನ್ನು ಎದುರು ದಿಕ್ಕಿಗೆ ಕಳಿಸಿದ್ದರು. ಎಲ್ಲ ಸೇರಿ 125ಕ್ಕೂ ಹೆಚ್ಚು ವಿಮಾನಗಳು ಆ ಕೆಲಸದಲ್ಲಿದ್ದವು. ಸ್ಟೆಲ್ತ್ ಒಂದರ ಮೇಲೇ ಭಾರ ಹಾಕಿ ಯಾರೂ ಯುದ್ಧಕ್ಕೆ ಹೋಗುವುದಿಲ್ಲ. ಅದಿಲ್ಲದೆ ಅಂಥ ಜಾಗಕ್ಕೆ ಹೋಗುವ ಧೈರ್ಯವನ್ನೂ ಮಾಡುವುದಿಲ್ಲ.

ಇನ್ನು ಕೊಳ್ಳುವುದೋ ಕಟ್ಟುವುದೋ. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಚೀನಾದ ಸ್ಟೆಲ್ತ್ ವಿಮಾನ ಜೆ-20 ಹಾರಿದ್ದು 2011ರಲ್ಲಿ, ಸೇನೆಗೆ ಸೇರಿದ್ದು 2017ರಲ್ಲಿ. ನಮ್ಮ ವಾಯುಪಡೆಗೆ 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ದಳ, ಇರಬೇಕು, ಮಿಗ್-21 ಹೋದ ಮೇಲೆ ಇರುವುದು 29. ಕಾಯಲು ಸಮಯ ಜಾಸ್ತಿ ಇಲ್ಲ.

2025ರ ಫೆಬ್ರುವರಿಯ ಏರೋ ಇಂಡಿಯಾದಲ್ಲಿ ಯಲಹಂಕಕ್ಕೆ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿದ್ದವು. ಎಫ್-35 ಇವತ್ತಿಗೆ ಪಳಗಿದ ವಿಮಾನ. ಅದನ್ನು ಕೊಂಡರೆ ಬಿಡಿಭಾಗ, ಸಾಫ್ಟ್‌ವೇರ್ ಎಲ್ಲಕ್ಕೂ ಅವರ ಕೈ ನೋಡುತ್ತಲೇ ಇರಬೇಕು. ವಿಮಾನ ಹೊಡೆಯುವ ರಷ್ಯಾದ ಎಸ್-400 ಕ್ಷಿಪಣಿ ಕೊಂಡದ್ದಕ್ಕೆ ಟರ್ಕಿಯನ್ನು 2019ರಲ್ಲಿ ಆ ಯೋಜನೆಯಿಂದಲೇ ಹೊರಗೆ ಹಾಕಿದರು. ನಮ್ಮ ಹತ್ತಿರವೂ ಎಸ್-400 ಇದೆ. ಸು-57 ಕೊಡಲು ರಷ್ಯಾ ತಯಾರಿದೆ, ಷರತ್ತು ಕಡಿಮೆ. ಆದರೆ ಅದೇ ವಿಮಾನದ ಆಧಾರದ ಮೇಲಿನ ಜಂಟಿ ಯೋಜನೆಯಿಂದ ನಾವೇ 2018ರಲ್ಲಿ ಹೊರಬಂದೆವು. ಅದರ ಎಂಜಿನ್ನಿನ ಹಿಂಭಾಗ ನೋಡಿದರೆ ನನ್ನಂಥ ರೇಡಾರಿನವನಿಗೆ ಸಮಾಧಾನ ಆಗುವುದಿಲ್ಲ. ಇಷ್ಟರ ಮೇಲೂ ತುರ್ತಿಗೆ ಒಂದೆರಡು ಸ್ಕ್ವಾಡ್ರನ್ ಕೊಳ್ಳಬೇಕಾಗಿ ಬಂದರೆ ಅದು ತಪ್ಪು ಎಂದು ನಾನು ಹೇಳುವುದಿಲ್ಲ.

ಎಎಂಸಿಎ ವಿಷಯಕ್ಕೆ ಬಂದರೆ, 2024ರ ಮಾರ್ಚ್‌ನಲ್ಲಿ ಕೇಂದ್ರ ಒಪ್ಪಿದ ಆ 15,000 ಕೋಟಿ ವಿಮಾನಗಳ ಬೆಲೆ ಅಲ್ಲ, ವಿನ್ಯಾಸ ಮಾಡಿ ಐದು ಮಾದರಿ ಕಟ್ಟುವ ಖರ್ಚು. ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಅಂದರೆ ಎಡಿಎ, ಅದರ ಹೊಣೆ ಹೊತ್ತಿದೆ. 25 ಟನ್ನಿನ ವಿಮಾನ, ಎರಡು ಎಂಜಿನ್, ಹೊಟ್ಟೆಯೊಳಗೆ ಒಂದೂವರೆ ಟನ್ ಆಯುಧ. ಮೊದಲ ಹಾರಾಟ ಈ ದಶಕದ ಕೊನೆಗೆ, ಸೇನೆಗೆ ಸೇರುವುದು 2035ರ ಆಸುಪಾಸು ಎಂಬುದು ಗುರಿ. ಗುರಿ ತಪ್ಪಬಹುದು, ಅದನ್ನು ಮುಚ್ಚಿಡುವುದಿಲ್ಲ. ತೇಜಸ್‌ಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ, ಹಾರಿದ್ದು 2001ರಲ್ಲಿ, ಸ್ಕ್ವಾಡ್ರನ್ ಆದದ್ದು 2016ರಲ್ಲಿ. ಎಂಜಿನ್ ಈಗಲೂ ಹೊರಗಿನಿಂದ ಬರಬೇಕು. ಅದು ತಡವಾದರೆ ಎಲ್ಲವೂ ತಡ. ಆದರೂ ಕಟ್ಟಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಸ್ಟೆಲ್ತ್‌ನಲ್ಲಿ ಯಾರೂ ಮಾರದ ವಸ್ತು ಎಂದರೆ ಅದರ ಒಳಗಿನ ಲೆಕ್ಕ. ಕೊಂಡ ವಿಮಾನದ ನಿಜವಾದ ಗುರುತು ಎಷ್ಟು, ಯಾವ ಕಡೆಯಿಂದ ಯಾವ ಅಲೆಗೆ ಕಾಣುತ್ತದೆ ಎಂದು ಕೊಟ್ಟವರು ಪೂರ್ತಿ ಹೇಳುವುದಿಲ್ಲ. ಕಟ್ಟಿದವರಿಗೆ ಮಾತ್ರ ಅದು ಗೊತ್ತಿರುತ್ತದೆ. ನಾಳೆ ಗಡಿಯಾಚೆಯಿಂದ ಅಂಥ ವಿಮಾನ ಬಂದಾಗ ಅದನ್ನು ಹುಡುಕುವುದು ಹೇಗೆಂದು ಗೊತ್ತಾಗುವುದೂ ಅವರಿಗೇ. ಅಡಗಿಸುವುದನ್ನು ಕಲಿಯದೆ ಹುಡುಕುವುದನ್ನು ಪೂರ್ತಿ ಕಲಿಯಲು ಆಗುವುದಿಲ್ಲ. ನನ್ನ ಕೆಲಸದ ದಿನಗಳಲ್ಲಿ ಈ ಕೊರತೆ ನನ್ನನ್ನು ತುಂಬಾ ಕಾಡಿದೆ.

ಕೆಲಸ ಆಗಲೇ ಶುರುವಾಗಿದೆ ಕೂಡ. 2022ರ ಜುಲೈ 1ರಂದು ಚಿತ್ರದುರ್ಗದ ಪರೀಕ್ಷಾ ವಲಯದಲ್ಲಿ ಪೈಲಟ್ ಇಲ್ಲದ, ಪೂರ್ತಿ ರೆಕ್ಕೆಯ ಆಕಾರದ ಚಿಕ್ಕ ವಿಮಾನವೊಂದು ತಾನೇ ಏರಿ, ಹಾರಿ, ಇಳಿಯಿತು. 2023ರ ಡಿಸೆಂಬರ್‌ನಲ್ಲಿ ಅದನ್ನು ಬಾಲವೇ ಇಲ್ಲದ ರೂಪದಲ್ಲಿ ಹಾರಿಸಿ ತೋರಿಸಿದರು. ಬಾಲ ಓರೆ ಯಾಕೆ ಎಂದು ಕೇಳಿದ ಹುಡುಗಿ ಆ ವಿಡಿಯೋ ನೋಡಬೇಕು. ಅಲ್ಲಿ ಬಾಲವನ್ನೇ ತೆಗೆದಿದ್ದಾರೆ.

ಕೊನೆಗೆ ಮಗಳ ಓದು. ಈ ವರ್ಷ ಪಿಯು ಮುಗಿಸಿದರೆ 2030ರಲ್ಲಿ ಬಿ.ಇ. ಮುಗಿಯುತ್ತದೆ. ಆ ಹೊತ್ತಿಗೆ ಎಎಂಸಿಎ ಪರೀಕ್ಷೆಯ ಹಂತದಲ್ಲಿರುತ್ತದೆ, ಕೈ ತುಂಬಾ ಕೆಲಸ ಇರುತ್ತದೆ. ವಿದ್ಯೆ ಹಳತಾಗುವ ಭಯ ಬೇಡ. ನನ್ನ ಭಯ ಬೇರೆ. ಏರೋನಾಟಿಕಲ್ ಎಂಬ ಹೆಸರು ನೋಡಿ ಯಾವುದೋ ಕಾಲೇಜಿಗೆ ಸೇರುವ ಮಕ್ಕಳು ಬಹಳ. ಲ್ಯಾಬ್ ಸರಿ ಇರುವುದಿಲ್ಲ. ಆ ಪದವಿಗೆಂದೇ ಇರುವ ಕೆಲಸಗಳು ಎಣಿಕೆಯಷ್ಟು, ಹೆಚ್ಚಿನವು ಸರ್ಕಾರಿ, ನೇಮಕಾತಿ ವರ್ಷಗಟ್ಟಲೆ ಎಳೆಯುತ್ತದೆ. ನನ್ನ ಹತ್ತಿರದ ಸಂಬಂಧಿಕರ ಹುಡುಗನೊಬ್ಬ ಹಾಗೆ ಓದಿ ಮೂರು ವರ್ಷ ಸುಮ್ನೆ ಕಾಯಬೇಕಾಯಿತು.

ಸ್ಟೆಲ್ತ್ ಅವಳಿಗೆ ನಿಜವಾಗಿ ಇಷ್ಟವಾದರೆ ಅದರ ಹೃದಯ ಇರುವುದು ಎರಡು ಕಡೆ: ವಿದ್ಯುತ್ಕಾಂತೀಯ ಅಲೆಗಳು ಮತ್ತು ಮೆಟೀರಿಯಲ್ಸ್. ಅದಕ್ಕೇ ನನ್ನ ಸಲಹೆ ಇದು. ಆಪ್ಷನ್ ಎಂಟ್ರಿ ಮಾಡುವಾಗ ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೊದಲು ಹಾಕಿ, ಆಮೇಲೆ ಮೆಕ್ಯಾನಿಕಲ್ ಅಥವಾ ಮೆಟೀರಿಯಲ್ಸ್, ನಂತರ ಏರೋನಾಟಿಕಲ್. ಒಳ್ಳೆಯ ಕಾಲೇಜಿನಲ್ಲೇ ಏರೋನಾಟಿಕಲ್ ಸಿಕ್ಕರೆ ಸರಿ, ತಡೆಯಬೇಡಿ. ಬಿ.ಇ. ಆದ ಮೇಲೆ ಗೇಟ್ ಪರೀಕ್ಷೆ ಬರೆದು ಐಐಎಸ್‌ಸಿಯಂಥ ಕಡೆ ಆಂಟೆನಾ, ರೇಡಾರ್, ಕಾಂಪೋಸಿಟ್ ಇವುಗಳಲ್ಲಿ ಒಂದನ್ನು ಹಿಡಿದರೆ ಎಡಿಎ, ಎನ್‌ಎಎಲ್, ಡಿಆರ್‌ಡಿಒದಂಥ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಬಾಗಿಲುಗಳು ತೆರೆಯುತ್ತವೆ. ಅಲ್ಲಿ ಸಿಗದಿದ್ದರೂ ಮೊಬೈಲ್ ಟವರ್‌ನಿಂದ ಕಾರಿನ ರೇಡಾರ್ ತನಕ ಅದೇ ವಿದ್ಯೆಗೆ ಕೆಲಸ ಇದೆ, ಹೊಟ್ಟೆಗೆ ಕಷ್ಟವಾಗುವುದಿಲ್ಲ. ಒಂದು ಮಾತನ್ನು ಅವಳಿಗೆ ಈಗಲೇ ಹೇಳಿ: ಈ ಕೆಲಸದಲ್ಲಿ ತಾನು ಏನು ಮಾಡುತ್ತೇನೆ ಎಂದು ಮನೆಯಲ್ಲೂ ಹೇಳುವಂತಿಲ್ಲ, ಹತ್ತು ವರ್ಷದ ದುಡಿಮೆ ಒಂದು ದಿನವೂ ಪತ್ರಿಕೆಯಲ್ಲಿ ಬರದೆ ಹೋಗಬಹುದು. ಅದು ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ.

ನಾನು ಈಗ ಕುಶಾಲನಗರದಲ್ಲೇ ಇದ್ದೇನೆ. ಕಾಫಿ ಕುಯ್ಲು, ಅವಳ ಪರೀಕ್ಷೆ ಎರಡೂ ಮುಗಿದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಬನ್ನಿ. ಕನ್ನಡಿ, ಟಾರ್ಚ್ ಪ್ರಯೋಗ ಮಾಡಿ ನೋಡಿಕೊಂಡು ಬರಲಿ. ಎಷ್ಟು ಡಿಗ್ರಿ ವಾಲಿಸಿದಾಗ ಬೆಳಕು ಮುಖ ಬಿಟ್ಟು ಹೋಯಿತು ಎಂದು ಬರೆದುಕೊಂಡು ಬಂದರೆ ಅಲ್ಲಿಂದಲೇ ಮಾತು ಶುರು ಮಾಡೋಣ.